ಹನ್ನೊಂದು ಕುಂಡ

ಇದ್ವಾಲನ ನರ್ಸರಿ ಹರಾಜಾದ ದಿನ
ಕೊನೆಗೆ ಉಳಿದದ್ದು ಹನ್ನೊಂದು ಕುಂಡ.
ಒಂದಕ್ಕೂ ಚೀಟಿಯಿಲ್ಲ.
ಹರಾಜಿನವನು ಗಡಿಯಾರ ನೋಡಿಕೊಂಡು
"ಏನೋ ಪೊದೆ. ಎಲ್ಲ ಸೇರಿ ಹತ್ತು ಪೌಂಡು" ಎಂದ.
ನಾನು ಕೈ ಎತ್ತಿದ್ದು ಮೂಗು ಒರೆಸಲಿಕ್ಕೆ.
ಕಾರ್ಡಿಗನ್ ಕೊಲ್ಲಿಯ ನವೆಂಬರ್ ಗಾಳಿಯಲ್ಲಿ
ಯಾರ ಮೂಗು ಸುಮ್ಮನಿರುತ್ತದೆ?

ದಾರಿಯ ಆ ಕಡೆ ಅವನದು, ಈ ಕಡೆ ನನ್ನದು.
ತಳ್ಳುಗಾಡಿಯಲ್ಲಿ ಮೂರು ಸಲ.

ಬೆಳೆಯ ಸಿರಿ ಮೊಳಕೆಯಲ್ಲಿ ಎನ್ನುವವರು
ಇವನ್ನು ನೋಡಬೇಕಿತ್ತು:
ಮೊಣಕಾಲೆತ್ತರ, ಮೌನವ್ರತ,
ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಹಸಿರು.

ಮೊದಲು ಎಲೆ ನೋಡಿದೆ.
ಎದುರುಬದುರು ಜೋಡಿಯಾಗಿ ಕೂತಿವೆಯೋ
ಒಂದಾದ ಮೇಲೊಂದು ಸರದಿಯಲ್ಲಿ ಏರಿವೆಯೋ.
ಮೇಲಿಂದ ಬಗ್ಗಿ ನೋಡಿದರೆ
ನಾಲ್ಕು ಸಾಲು ಶಿಲುಬೆಯಾಗಿ ಕಂಡದ್ದು ಹೀಬಿ.
ಮುಳ್ಳಿದ್ದದ್ದನ್ನು ಉಗುರಲ್ಲಿ ಗೀರಿದೆ,
ಸಿಪ್ಪೆಯಡಿ ಅಚ್ಚ ಅರಿಶಿನ.
ಬಾರ್ಬೆರಿ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.
ಒಂದರ ಎಲೆ ಹಿಸುಕಿದರೆ
ಕಿತ್ತಳೆ ಸಿಪ್ಪೆಗೆ ಮೆಣಸು ಉದುರಿಸಿದ ಘಾಟು: ಚಾಯ್ಸಿಯ.
ಇನ್ನೊಂದು ಬೆಕ್ಕಿನ ಉಚ್ಚೆ ನಾರುತ್ತಿತ್ತು.
ಎರಡು ದಿನ ಪುಸ್ತಕ ತಿರುವಿದೆ.
ಬೆಕ್ಕೇ.

ಉಳಿದವಕ್ಕೆ ಹೆಸರಿಡಲು ಹೋಗಲಿಲ್ಲ.
ಹೆಸರಿಡುವವರು ಊರಲ್ಲಿ ಬೇಕಾದಷ್ಟಿದ್ದಾರೆ.

ಗುರುತು ಹತ್ತದ ಗಿಡಕ್ಕೆ ಕತ್ತರಿ ತೋರಿಸಬೇಡ
ಎನ್ನುತ್ತಿದ್ದ ಇದ್ವಾಲ್, ಬದುಕಿದ್ದಾಗ.
ಹೂ ಬರುವುದು ಹಳೆಯ ಕಡ್ಡಿಯಲ್ಲೋ ಹೊಸ ಚಿಗುರಲ್ಲೋ
ತಿಳಿಯದೆ ಕತ್ತರಿಸಿದರೆ
ಒಂದು ವರ್ಷ ನಿನ್ನದೂ ಹೋಯಿತು ಅದರದೂ ಹೋಯಿತು.
ಸುಣ್ಣದ ನೀರು ಯಾರಿಗೆ ಆಗದೋ ಗೊತ್ತಿಲ್ಲವಲ್ಲ,
ಎಲ್ಲರಿಗೂ ಮಳೆನೀರು.
ವೇಲ್ಸಿನಲ್ಲಿ ಅದಕ್ಕೇನು ಬರ!
ಉಪ್ಪುಗಾಳಿ ತಾಗದಂತೆ ಕಲ್ಲುಗೋಡೆಯ ಮಗ್ಗುಲಿಗಿಟ್ಟೆ.
ತಳದ ತೂತಿನಿಂದ ಬೇರು ಇಣುಕಿದವನ್ನು ಕಳಚಿ
ಸಿಕ್ಕುಗಟ್ಟಿದ ಜಡೆಯಂತೆ ಬೆರಳಲ್ಲೇ ಬಿಡಿಸಿ
ದೊಡ್ಡ ಕುಂಡಕ್ಕೆ ಹಾಕಿದೆ.

ಜನವರಿ.
ಕಸದ ಡಬ್ಬಿ ಹೊರಗಿಡಲು ಹೋದವಳು ನಿಂತುಬಿಟ್ಟೆ.
ಎಲ್ಲಿಂದಲೋ ಜೇನಿನ ವಾಸನೆ.
ಕತ್ತಲಲ್ಲಿ ಚಪ್ಪಲಿ ತಡಕಿ ಟಾರ್ಚು ತಂದು
ಒಂದೊಂದೇ ಕುಂಡ ಮೂಸಿದೆ, ನಾಯಿಯಂತೆ.
ಎಲೆಯ ಬುಡದಲ್ಲಿ ದಾರದ ಚೂರಿನಂಥ ಬಿಳಿ ಹೂ,
ಕಣ್ಣಿಗೆ ಏನೇನೂ ಅಲ್ಲ.
ಸಾರ್ಕೊಕೋಕ.
ಇಷ್ಟು ದಿನ ಬಾಯಿ ಬಿಡದ್ದು
ನಡುರಾತ್ರಿ ಕೂಗಿ ಕರೆದಿತ್ತು.

ಏಪ್ರಿಲ್‌ನಲ್ಲಿ ಇನ್ನೆರಡು ಹೂ ಬಿಟ್ಟು ಒಪ್ಪಿಕೊಂಡವು.
ಒಂದು ಸತ್ತಿತು, ಯಾರೆಂದು ಹೇಳದೆ.
ಅದರ ಕುಂಡವನ್ನು ಎತ್ತಿಡಬೇಕು ಎಂದುಕೊಳ್ಳುತ್ತಲೇ
ಬೇಸಗೆ ಕಳೆಯಿತು.

ಸೆಪ್ಟೆಂಬರ್‌ನಲ್ಲಿ ಚಿಮಣಿ ತೆಗೆಸಿದೆ.
ಟೆಲೆರಿ ಬಂದು, ಕೋಲಿಗೆ ಕೋಲು ಜೋಡಿಸಿ ತಿವಿದಳು.
ಬೂದುಗತ್ತಿನ ಜಾಕ್‌ಡಾ ಕಾಗೆಗಳ ಗೂಡು
ದಬದಬನೆ ಒಲೆಗೆ ಬಿತ್ತು:
ಎರಡು ಮೂಟೆ ಕಡ್ಡಿ, ಕುರಿಯುಣ್ಣೆ, ಒಂದು ಚಮಚ,
ನಡುನಡುವೆ ಬಿಳಿ ಪ್ಲಾಸ್ಟಿಕ್ ಪಟ್ಟಿಗಳು.
ನಲವತ್ತಮೂರು.

ಚೀಟಿ ಕೀಳುವವರು ಶಾಲೆಯ ಹುಡುಗರೆಂದು
ಸಾಯುವ ತನಕ ಬೈದ ಇದ್ವಾಲ್.
ಕಳ್ಳರಿಗೆ ಬ್ರೆಡ್ಡಿನ ಅಂಚು ಹಾಕಿ ಸಾಕಿದವಳು ನಾನು.

ಬಿಸಿಲು ಕಾಣದ ಪೆನ್ಸಿಲ್ ಅಳಿಸಿರಲಿಲ್ಲ.
ಮಸಿ ಒರೆಸಿ ಓದಿದೆ.
ಗಾಳಿಗೆ ವಾಲಿದ ಬೇಲಿಯಂಥ ಅವನ ಅಕ್ಷರ:
ಸ್ಕಿಮ್ಮಿಯ, ಪೈರಿಸ್, ಮತ್ತೆ ಪೈರಿಸ್,
ಎಂದೋ ಮಾರಿಹೋದವು, ಯಾರದೋ ಅಂಗಳ ಸೇರಿದವು.
ಒಂದರಲ್ಲಿ ಮಾತ್ರ ಗಿಡದ ಹೆಸರಿಲ್ಲ.
"ಮಾರಕೂಡದು. ಎದುರುಮನೆಗೆ."

"ಏನದು?" ಎಂದಳು ಟೆಲೆರಿ.
"ಏನೋ ಪೊದೆ" ಎಂದೆ.

ಸಂಜೆ ನೀರು ಹಾಕುವಾಗ ಕೈ ನಿಧಾನವಾಯಿತು.
ಹೆಸರು ಸಿಕ್ಕವು ಆರು, ಸಿಗದವು ನಾಲ್ಕು.
ಇವುಗಳಲ್ಲಿ ಯಾವುದೋ,
ಯಾವುದೂ ಅಲ್ಲವೋ.
ಕ್ಯಾನು ಖಾಲಿಯಾದ ಮೇಲೆ
ಸತ್ತದ್ದರ ಮುಂದೆ ಕುಕ್ಕರಗಾಲಲ್ಲಿ ಕೂತು
ಕಡ್ಡಿಯನ್ನು ಉಗುರಲ್ಲಿ ಗೀರಿದೆ.
ಕಂದು, ಒಣಕಲು.
ಇನ್ನೂ ಕೆಳಗೆ ಗೀರಿದೆ.
ಮಣ್ಣು ಸರಿಸಿ
ಇನ್ನೂ ಕೆಳಗೆ.