ನಕ್ಷೆಯಲ್ಲಿ ಈಗ ಯಾವ ತಿಂಗಳು

ಕೆಲಸಕ್ಕೆ ಸೇರಿದ ದಿನ ಆರು ಪೆನ್ಸಿಲ್ ಕೊಟ್ಟರು.
ಹಳದಿ ಮನೆಗೆ, ಕೆಂಪು ಅಂಗಡಿಗೆ, ಬೂದು ರಸ್ತೆಗೆ,
ನೀಲಿ ನೀರಿಗೆ, ಹಸಿರು ಪೈರಿಗೆ.
ಆರನೆಯದು ಬಿಳಿ.
ಯಾರೂ ಇನ್ನೂ ಏನೂ ಅಂದುಕೊಳ್ಳದ ಜಾಗಕ್ಕೆ,
ಅಂದರೆ ನಾಳೆ ಮಾರುವುದಕ್ಕೆ.

ದಿಬ್ಬದ ಮೆಟ್ಟಿಲು ಮುಗಿದಲ್ಲಿ
ಆಂಟನನರಿವೊ ಮುಗಿಯಿತು ಎನ್ನುತ್ತದೆ ಕಾಗದ.
ಕಾಲು ಒಪ್ಪುವುದಿಲ್ಲ.
ಕೊನೆಯ ಟೈರ್ ಅಂಗಡಿಯ ಹಿಂಗೋಡೆಗೆ ಒರಗಿಕೊಂಡೇ
ಭತ್ತದ ಮೊದಲ ಮಡಿ;
ಟ್ಯಾಕ್ಸಿ ತೊಳೆದ ನೊರೆ ಬದು ದಾಟಿ
ಬಾತುಗಳ ಎದೆ ಮುಟ್ಟುತ್ತದೆ.

ಅಂಬುದಿರಾನು ವಾರ್ಡಿನ ಸಭೆ, ಸೆಪ್ಟೆಂಬರ್ ಕೊನೆ.
ನಕ್ಷೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ.
ನಮ್ಮ ಸಾಹೇಬ ರಝಾಫಿ ಒಂದು ತಾಸು ಮಾತಾಡಿದ:
ವರ್ತುಲ ರಸ್ತೆ, ತಗಡಿನ ಸಂತೆ,
ಮತ್ತು 'ಸ್ಥಳೀಯ ಆಹಾರ ವಲಯ'—
ನಾನೇ ಬಳಿದದ್ದು, ಎರಡು ಬೆರಳಗಲ ಹಸಿರು.
ಚಪ್ಪಾಳೆಯೂ ಬಿತ್ತು.

ಹಿಂದಿನ ಬೆಂಚಿಂದ ನೇನಿ ಬಾಕೂಲಿ ಎದ್ದಳು,
ನೀರುಸೊಪ್ಪು ಮಾರುವವಳು,
ಅಂಗಾಲು ನೆನೆಹಾಕಿದ ಕಡಲೆಯಂತೆ ಮುದುರಿದವಳು.
ನಕ್ಷೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿ, ನನ್ನನ್ನು ಕೇಳಿದಳು:
"ಇದರಲ್ಲಿ ಈಗ ಯಾವ ತಿಂಗಳು, ಮಗಳೇ?"

ನಕ್ಕರು. ರಝಾಫಿಯೂ ನಕ್ಕ.
"ನಕ್ಷೆಗೆ ತಿಂಗಳಿರುವುದಿಲ್ಲ, ತಾಯಿ."
"ಹಾಗಾದರೆ ಇದು ನನ್ನ ಗದ್ದೆ ಅಲ್ಲ ಬಿಡು."

ಆಮೇಲೆ ಬೆರಳಿಟ್ಟು ಹೇಳುತ್ತ ಹೋದಳು, ಲೆಕ್ಕ ಒಪ್ಪಿಸುವವಳಂತೆ.
ಅಕ್ಟೋಬರಿಗೆ ನಾಟಿ.
ಜನವರಿಯಲ್ಲಿ ಹೊಳೆ ಏರುವ ಮುಂಚೆ ಕೊಯ್ಲು,
ತಡವಾದರೆ ಏರಿದ ಮೇಲೇ ಕೊಯ್ಲು,
ಸೊಂಟಮಟ್ಟ ನೀರಲ್ಲಿ, ತೆನೆ ದೋಣಿಗೆ.
ಫೆಬ್ರವರಿಯಲ್ಲಿ ಗದ್ದೆ ನನ್ನದಲ್ಲ,
ಬಲೆ ಇದ್ದವರದು.
ಮೇ ಬಂದರೆ ತ್ಸಿರಿ ಇಟ್ಟಿಗೆ ಕೊಯ್ಯುತ್ತಾನೆ,
ಒಂದು ಗುದ್ದಲಿ ಆಳ, ಎರಡಲ್ಲ.
ಮಾವನ ಕಾಲದ ಮಾತು, ಕಾಗದ ಇಲ್ಲ.
ಅವನು ಬಿಟ್ಟ ಗುಂಡಿಯಲ್ಲೇ ಜೂನಿಂದ ನನ್ನ ಸೊಪ್ಪು.
"ನಿಮ್ಮ ಊರಿನ ಗೋಡೆ, ನಿಮ್ಮ ಊರಿನ ಬೆಳಗಿನ ಗಂಜಿ,
ನಿಮ್ಮ ಊರಿಗೆ ಬೇಡವಾದ ನೆರೆ,
ಮೂರಕ್ಕೂ ಇಲ್ಲೇ ಜಾಗ ಕೊಟ್ಟಿದ್ದೇನೆ.
ಬಾಡಿಗೆ ಕೇಳಿಲ್ಲ.
ಈಗ ಹೇಳು, ಯಾವ ಬಣ್ಣ ಹಚ್ಚುತ್ತೀ?"

ನಾನೇನು ಹೇಳಲಿ.
ತ್ಸಿರಿ ಎದ್ದು ಮೂಲೆಯ ಒಂದು ಇಟ್ಟಿಗೆ ತಿರುಗಿಸಿ,
ತನ್ನದೇ ಅಂತ ಖಾತ್ರಿಪಡಿಸಿಕೊಂಡು, ಮತ್ತೆ ಇಟ್ಟ.

ಮರುದಿನ ಮೂರು ಗಂಟೆಯ ಕತ್ತಲಲ್ಲಿ
ಅವಳ ಓಣಿಯ ಬಾಯಲ್ಲಿ ಟಾರ್ಚ್ ಹಿಡಿದು ನಿಂತು
ತಲೆ ಮೇಲೆ ಹೋದ ಕಟ್ಟುಗಳನ್ನು ಎಣಿಸಿದೆ.
ನಾನೂರ ಹನ್ನೆರಡು. ಒಂದು ಓಣಿ, ಒಂದು ತಾಸು.
ಗುಂಡಿಯ ನೀರು ನಾರುತ್ತಿತ್ತು, ಸುಳ್ಳು ಹೇಳುವುದಿಲ್ಲ.
ಅದು ಎಲ್ಲಿಂದ ಬರುತ್ತದೆಂದೂ ಗೊತ್ತು:
ನಮ್ಮ ಬೀದಿಯ ಚರಂಡಿಗೆ
ನಾನೇ ನೀಲಿ ಬಳಿದಿದ್ದೆ.

ಪಾರದರ್ಶಕ ಹಾಳೆಯಲ್ಲಿ ಹನ್ನೆರಡು ನಕ್ಷೆ ಮಾಡಿದೆ,
ತಿಂಗಳಿಗೊಂದು.
ಚರಂಡಿ ಎಲ್ಲಿ ಸೋಸಬೇಕು, ರಸ್ತೆ ಎಲ್ಲಿ ಬಳಸಬೇಕು,
ಗುದ್ದಲಿ ಎಷ್ಟು ಆಳ— ಅದನ್ನೂ ಬರೆದೆ.
ರಝಾಫಿ ಹನ್ನೆರಡನ್ನೂ ಒಟ್ಟಿಗೆ ಜೋಡಿಸಿ ಕಿಟಕಿಗೆ ಹಿಡಿದ.
ಹಳದಿ ನೀಲಿ ಹಸಿರು ಕೆಂಪು ಒಂದರೊಳಗೊಂದು ಇಳಿದು
ನಡುವೆ ಒಂದು ಮಬ್ಬು ಕಂದು.
"ಇದ್ಯಾವ ಬಣ್ಣ?"
"ಕೆಸರು."
"ನಮೂನೆಯಲ್ಲಿ ಇರುವುದು ಒಂದೇ ಚೌಕ," ಅಂದ,
ಹಾಳೆಗಳನ್ನು ಮಾತ್ರ ವಾಪಸು ಕೊಡಲಿಲ್ಲ.

ಸಾಮಗ್ರಿ ವಿಭಾಗಕ್ಕೆ ಅರ್ಜಿ ಹಾಕಿದ್ದೇನೆ:
ಪೆನ್ಸಿಲ್, ಏಳನೆಯದು, ಕೆಸರಿನ ಬಣ್ಣ, ಒಂದು.
ಇನ್ನೂ ಬಂದಿಲ್ಲ.

ಅಕ್ಟೋಬರ್ ಬಂದಿದೆ.