ಗಂಟಿನ ಮೇಲಿನ ಚೀಟಿ

ಶಾಲೆಯ ಪೊರಕೆ, ಬಕೆಟ್ಟುಗಳ ಕೋಣೆಯಲ್ಲಿ
ರೊಟ್ಟಿಯಷ್ಟಗಲದ ಒಂದು ಯಂತ್ರ.
ಗ್ರೀನ್‌ಲ್ಯಾಂಡಿನ ಪೂರ್ವದಂಡೆ, ಎಂಬತ್ತು ಮನೆ,
ಮನುಷ್ಯರಿಗಿಂತ ನಾಯಿ ಹೆಚ್ಚು.
ಯಂತ್ರದೊಳಗೆ ಪಾನಿಂಗ್ವಾಕ್ ಬರೆದ ಪೈಥಾನು,
ನೂರು ಸಾಲೂ ಇಲ್ಲ.
ದೊಡ್ಡ ಚೌಕಟ್ಟುಗಳು ಬೇಡ ಎಂದಿದ್ದಳು,
ಸ್ಲೆಡ್ಜಿಗೆ ಪಿಯಾನೊ ಕಟ್ಟುತ್ತಾರೆಯೇ ಯಾರಾದರೂ?

ಕೆಲಸ ಇಷ್ಟೆ: ಕೇಳಿದವರಿಗೆ ಮಂಜುಗಡ್ಡೆಯ ನಕ್ಷೆ ಕೊಡುವುದು.
ಎಲ್ಲಿ ಗಟ್ಟಿ, ಎಲ್ಲಿ ತೆಳು, ಎಲ್ಲಿ ನೀರು ಬಾಯಿಬಿಟ್ಟಿದೆ.
ಗುಡ್ಡದ ಕಂಬದಿಂದ ಕೊಲ್ಲಿಯ ಬಾಯಿಯವರೆಗೆ
ದಾರದಂಥ ಒಂದು ರೇಡಿಯೊ ಎಳೆ; ಅದರ ಮೇಲೆ
ನಕ್ಷೆ ತೆವಳುತ್ತ ತೆವಳುತ್ತ
ಅರ್ಧ ದಾರಿಯಲ್ಲಿ ಸುಸ್ತಾಗಿ ಕೂರುತ್ತಿತ್ತು.

ಅದಕ್ಕೇ ಗಂಟು.
ನಕ್ಷೆಯ ಹೊಟ್ಟೆ ಬಗೆದು ನೋಡಿದರೆ
ಮಾತೆಲ್ಲ ಒಂದೇ: ಗಟ್ಟಿ, ಗಟ್ಟಿ, ಗಟ್ಟಿ, ಗಟ್ಟಿ,
ಹಾಡಿದ್ದೇ ಹಾಡುವ ಕಿಸಬಾಯಿದಾಸ.
ಗಂಟು ಕಟ್ಟುವವನು ಒಮ್ಮೆ ಕೇಳಿಸಿಕೊಳ್ಳುತ್ತಾನೆ,
ಆಮೇಲೆ ‘ಹಿಂದೆ ಅಂದದ್ದೇ, ಇನ್ನು ಮುನ್ನೂರು ಸಲ’
ಎಂದು ಗುರುತು ಹಾಕಿ ಮುಂದೆ ಹೋಗುತ್ತಾನೆ.
ಮೀನು ಒಣಗಿಸಿದ ಹಾಗಲ್ಲ ಇದು.
ಒಣಮೀನಿಗೆ ಎಷ್ಟು ನೀರು ಕುಡಿಸಿದರೂ ಈಜುವುದಿಲ್ಲ.
ಈ ಗಂಟು ಬಿಚ್ಚಿದರೆ ಒಂದು ಚುಕ್ಕೆಯೂ ಕಡಿಮೆಯಿಲ್ಲ,
ಇದ್ದದ್ದು ಇದ್ದ ಹಾಗೇ ಎದ್ದು ಕೂರುತ್ತದೆ.

ರಾತ್ರಿಯೇ ಕಟ್ಟಿಡುತ್ತಾಳೆ;
ಕೇಳಿದಾಗಲೆಲ್ಲ ಕಟ್ಟಿದರೆ ಯಂತ್ರ ಬೆವರುತ್ತದೆ.
ಗಂಟೊಂದು, ಪಕ್ಕದಲ್ಲಿ ಬಿಡಿ ನಕ್ಷೆಯೊಂದು.
ಫೋನು ಬಂದು ‘ನನಗೆ ಬಿಚ್ಚಲು ಬರುತ್ತೆ’ ಎಂದರೆ ಗಂಟು,
ಸುಮ್ಮನಿದ್ದರೆ ಬಿಡಿ.
ಗಂಟಿನ ಮೇಲೆ ಚೀಟಿ: ಒಳಗಿರುವುದು ನಕ್ಷೆ, ಕಟ್ಟಿದ ಬಗೆ ಇಂಥದು.
ಚೀಟಿ ಅಂಟಿಸಲು ಮರೆತ ಮೊದಲ ವಾರ
ಊರಿನ ಫೋನುಗಳಲ್ಲೆಲ್ಲ ಬರೀ ಕಸ ಬಿಚ್ಚಿಕೊಂಡಿತ್ತು;
ಆ ಕಥೆ ಹೇಳಿ ಅವಳೇ ನಗುತ್ತಾಳೆ.

ನಗದ ಕಥೆ ಇನ್ನೊಂದು.
ಮಾರ್ಚ್ ತಿಂಗಳ ಒಂದು ಬೆಳಗು, ಮುದುಕ ಗೀದಿಯೋನ್,
ಹನ್ನೊಂದು ನಾಯಿ ಕಟ್ಟಿ ಸೀಲ್ ಬೇಟೆಗೆ ಹೋದವನು,
ಕೊಲ್ಲಿಯ ಬಾಯಲ್ಲಿ ನಿಂತು ನಕ್ಷೆ ಕೇಳಿದ.
ಅವನದು ಹಳೇ ಉಪಕರಣ, ಮೂಲೆಯೊಡೆದದ್ದು,
ಗಂಟು ಕೊಡಿ ಎಂದು ಅದು ಎಂದೂ ಕೇಳಿದ್ದಿಲ್ಲ.
ಆದರೆ ಕಂಬದ ಬುಡದ ಪೆಟ್ಟಿಗೆ,
ಪದೇಪದೇ ಶಾಲೆಗೆ ಓಡಲು ಸೋಮಾರಿ,
ಯಾವನೋ ಹುಡುಗನ ಹೊಸ ಫೋನಿಗೆ ಕೊಟ್ಟಾಗ
ತೆಗೆದಿಟ್ಟ ಪ್ರತಿಯನ್ನೇ ಎತ್ತಿ ಅವನಿಗೂ ಕೊಟ್ಟುಬಿಟ್ಟಿತು.
ಕನ್ನಡಿಯೊಳಗಿನ ಗಂಟು.
ಪರದೆಯ ತುಂಬ ಪ್ರಶ್ನೆಚಿಹ್ನೆ, ಚೌಕ, ಯಾರದೂ ಅಲ್ಲದ ಅಕ್ಷರ.

ಅವನು ಉಪಕರಣವನ್ನು ಜೇಬಿಗಿಟ್ಟ.
ಕಬ್ಬಿಣದ ಮೂತಿಯ ಕೋಲು ತೆಗೆದು
ನಾಯಿಗಳ ಮುಂದೆ ತಾನು ನಡೆದು,
ಕುಟ್ಟಿ ಕುಟ್ಟಿ, ಸದ್ದು ಕೇಳಿ ಕೇಳಿ,
ಮೂರು ತಾಸಿನ ದಾರಿ ಹನ್ನೊಂದು ತಾಸಿಗೆ ಬಂದ.
ಶಾಲೆಯ ಬಾಗಿಲಲ್ಲಿ ಬೂಟಿನ ಮಂಜು ಒದರಿ
‘ನಿನ್ನ ನಕ್ಷೆ ಇವತ್ತು ಡೇನಿಶ್‌ಗಿಂತ ಕಷ್ಟದ ಭಾಷೆ ಆಡಿತು’
ಎಂದ. ಕಾಫಿ ಕೇಳಿದ.

ತಪ್ಪು ಒಂದೇ ಸಾಲಿನದು.
ಚೀಟಿಯಲ್ಲಿ ಇನ್ನೂ ಒಂದು ಮಾತು ಇರಬೇಕಿತ್ತು,
ದಾರಿಯಲ್ಲಿ ಕೂತ ಪೆಟ್ಟಿಗೆಗಳಿಗೆ:
ಇದು ಕೇಳುವವರಿಗೆ ತಕ್ಕ ಹಾಗೆ ಬೇರೆ,
ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬೇಡ.
ಬರೆದಳು. ಯಂತ್ರವನ್ನು ಮಲಗಿಸಿ ಮತ್ತೆ ಎಬ್ಬಿಸಿದಳು.
ಕಾಫಿಗೆ ಸಕ್ಕರೆ ಹಾಕುವುದು ಮರೆತಿತ್ತು;
ಅವನು ಏನೂ ಅನ್ನಲಿಲ್ಲ.

ಈಗ ಅವನ ಪರದೆಯಲ್ಲೂ ನಕ್ಷೆ ಇಳಿಯುತ್ತದೆ,
ಬಿಡಿಯಾಗಿ, ಭಾರವಾಗಿ, ನಾಯಿಗಳು ಬೇಸತ್ತು ಮಲಗುವಷ್ಟು ನಿಧಾನ.
ಗೀದಿಯೋನ್ ಪೂರ್ತಿ ನೋಡುತ್ತಾನೆ. ತಲೆಯಾಡಿಸುತ್ತಾನೆ.
ಆಮೇಲೂ ಕೋಲೆತ್ತಿ ಒಮ್ಮೆ ಕುಟ್ಟುತ್ತಾನೆ.
ಮಂಜುಗಡ್ಡೆ ಏನೋ ಹೇಳುತ್ತದೆ, ಉದ್ದಕ್ಕೆ, ಆಳದಿಂದ.
ಅದನ್ನೆಲ್ಲ ಕೇಳಿಸಿಕೊಂಡು
ಅವನು ಅವಳಿಗೆ ರೇಡಿಯೊದಲ್ಲಿ ಕಳಿಸುವುದು ಒಂದೇ ಮಾತು:
‘ನಿನ್ನೆಯದೇ.’