ಬಂದ ಉದ್ದೇಶ

ಸಾಗರದ ಬಸ್‌ಸ್ಟ್ಯಾಂಡಿನೆದುರು ಹನ್ನೆರಡು ರೂಮಿನ ಲಾಡ್ಜು.
ನಾನು ರಾತ್ರಿಪಾಳಿಯ ಹುಚ್ಚರಾಯ.
ಹೆಸರು, ಊರು, ಎಷ್ಟು ಜನ, ಬಂದ ಉದ್ದೇಶ:
ಕೊನೆಯ ಕಾಲಮ್ಮಿಗೆ ನನ್ನ ಬಳಿ ಇರುವುದು ಎರಡೇ ಪದ,
ಜೋಗ, ಸಿಗಂದೂರು.
ತೀರಾ ಹೆಚ್ಚೆಂದರೆ, ಮದುವೆ.

ದಸರಾ ರಜೆ. ರಾತ್ರಿ ಹತ್ತೂವರೆಗೆ
ರೋಣದ ಕಡೆಯಿಂದ ಬುತ್ತಿಗಂಟಿನ ಸಮೇತ ಇಳಿದರು
ಸಂಗಪ್ಪ ಕಡೇಮನಿ, ಹೆಂಡತಿ ನೀಲವ್ವ,
ನನ್ನ ಕೈಯ ಪೆನ್ನನ್ನೇ ಕಸಿದುಕೊಂಡ
ಐದನೇ ಕ್ಲಾಸಿನ ದಾನಮ್ಮ.
ಅವಳೇ ಬರೆದಳು, ಗೆರೆ ದಾಟಿ, ದುಂಡಗೆ:
ಸಮುದ್ರ ನೋಡಲು.

ಇಲ್ಲಿ ಸಮುದ್ರ ಇಲ್ಲ ಪುಟ್ಟಿ, ಎಂದೆ.
“ಹೆಸರಾ ಸಾಗರ ಐತಲ್ರಿ?”
ಬೆರಳು ಮಡಚುತ್ತ ಒಪ್ಪಿಸಿದಳು
ಸಾಗರ, ಸಮುದ್ರ, ಕಡಲು, ಶರಧಿ, ಅಂಬುಧಿ.
ಐದಕ್ಕೆ ಐದು ಕೊಟ್ಟಿದ್ದಾರಂತೆ ಅಕ್ಕೋರು.
ಎಂದೋ ಯಾರೋ ಕೆರೆ ಕಟ್ಟಿಸಿ
ಸಾಗರವೆಂದು ಕರೆದ ಗತ್ತಿಗೆ
ಈಗ ನಾನು ಉತ್ತರ ಕೊಡಬೇಕು.

ಮರುದಿನ ಜೋಗಕ್ಕೆ ಹೋಗಿ ಬಂದರು.
“ಅದು ನಿಂತೈತ್ರಿ. ಸಮುದ್ರ ಮಲಗಿರತೈತಿ.”
ಸಂಜೆ ಗಣಪತಿ ಕೆರೆಗೆ ಕಳಿಸಿದೆ.
ಅರ್ಧ ತಾಸಿಗೇ ವಾಪಸ್ಸು:
“ಆ ಕಡಿ ದಂಡಿ ಕಾಣತೈತಿ.”
ಮಲಗಲು ಹೋದಳು, ನನ್ನ ಮೇಲೇ ಸಿಟ್ಟಾಗಿ.

ಬಿಸಿನೀರಿಗೆಂದು ಕೆಳಗೆ ಬಂದ ಸಂಗಪ್ಪ
ಬಾಟಲಿ ತುಂಬಿದರೂ ಹೋಗಲಿಲ್ಲ.
ಹಿಟ್ಟಿನ ಗಿರಣಿಯ ಕೈ, ಉಗುರ ಸಂದಿಯಲ್ಲಿ ಇನ್ನೂ ಬಿಳಿ.
ಬೆಳಗ್ಗೆ ಹೊನ್ನಾವರದ ಬಸ್ಸಿದೆ, ಘಾಟಿ ಇಳಿದರೆ ಆಯಿತು, ಎಂದೆ.
“ಗೊತ್ತೈತ್ರಿ. ಮದಲ ಗೊತ್ತಿತ್ತು.
ರೊಕ್ಕ ಇಲ್ಲಿತನಕ ಮುಟ್ಟಿತು.
ಹೆಸರ ನೋಡಿ ಕರಕೊಂಡ ಬಂದೆ.”
ಆಮೇಲೆ, ಇಷ್ಟು ಮೆಲ್ಲಗೆ,
“ನೀವು ನೋಡೀರೇನ್ರಿ?”

ಒಮ್ಮೆ. ಲಾರಿ ಕ್ಲೀನರಾಗಿದ್ದಾಗ,
ಅಮಾವಾಸ್ಯೆ ರಾತ್ರಿ, ಟೈರು ಬಿಚ್ಚುತ್ತ.
ಕಂಡಿರಲಿಲ್ಲ. ಸದ್ದು ಮಾತ್ರ.
ಹತ್ತೊಂಬತ್ತು ವರ್ಷದಿಂದ ದಾರಿ ಹೇಳುತ್ತಿದ್ದೇನೆ.

ಐದೂಕಾಲಿಗೆ ಹೋಗಿ ಒಂಬತ್ತನೇ ರೂಮಿನ ಬಾಗಿಲು ಬಡಿದೆ.
ಭಟ್ಕಳದಿಂದ ಘಾಟಿ ಹತ್ತಿ ಬಂದ ಇರ್ಷಾದನ ವ್ಯಾನು
ಮೀನುಪೇಟೆಯ ಬಾಯಲ್ಲಿ, ಎಂಜಿನ್ ಬಿಸಿ, ಬಾಗಿಲು ಸುರಿಯುತ್ತ.
ನೀಲವ್ವ ಸೆರಗಿನಿಂದ ಮೂಗು ಮುಚ್ಚಿ
ದೂರದ ಬೀದಿದೀಪದ ಬುಡಕ್ಕೆ ಸರಿದಳು.
ದಾನಮ್ಮ ಸರಿಯಲಿಲ್ಲ.
ಹಲಗೆಯ ತುದಿಯಲ್ಲಿ ನೇತಾಡುವ ಹನಿಗೆ
ಬೆರಳೊಡ್ಡಿದಳು, ನೆಕ್ಕಿದಳು.

“ಅಪ್ಪಾ, ಉಪ್ಪ!”

ಅದು ಐಸಿಗೆ ಹಾಕಿದ... ಎಂದು ಇರ್ಷಾದ ಬಾಯ್ತೆರೆಯುವಷ್ಟರಲ್ಲಿ
ಅವನ ಕಾಲು ತುಳಿದೆ.
“ತೆರಿ?” ಎಂದಳು. “ತೆರಿ ಎಲ್ಲಿ ಅದಾವು?”
ಅವನಿಗೂ ಮೂವರು ಹೆಣ್ಣುಮಕ್ಕಳು.
ಖಾಲಿಯಾದ ನೀಲಿ ಟಬ್ಬನ್ನು ನೆಲಕ್ಕಿಳಿಸಿ
ಎರಡೂ ಕೈಯಿಂದ ಅಲ್ಲಾಡಿಸಿದ.
ಬಂತು, ಅಂಚಿಗೆ ಬಡಿಯಿತು, ಹೋಯಿತು.
ಬಂತು. ಒಂದು ಚೂರು ಹುರುಪೆ
ಬೀದಿದೀಪಕ್ಕೆ ಮಿಂಚಿ ಮುಳುಗಿತು.
ಅವಳು ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ದಂಡೆಯ ಮೇಲೆ ಕೂತವರ ಹಾಗೆ
ಸುಮ್ಮನೆ ನೋಡುತ್ತ ಹೋದಳು.
ಸಂಗಪ್ಪ ಗಿರಣಿಯ ಕೈಯಿಂದ ಮುಖ ಒರೆಸಿಕೊಂಡ.
ಇರ್ಷಾದನಿಗೆ ತಡವಾಗುತ್ತಿತ್ತು, ಆದರೂ ಅಲ್ಲಾಡಿಸಿದ.

“ಅಜ್ಜಿ ಮುಂದ ಹೇಳೀಯಾ ಮತ್ತ,
ಮೀನದ ನೀರು ನೆಕ್ಕೇನಂತ” ಎಂದಳು ನೀಲವ್ವ ಬಸ್ಸು ಹತ್ತುವಾಗ.
ನಗು ಸೆರಗೊಳಗೇ ಇತ್ತು.

ತಿಂಗಳ ಕೊನೆಗೆ ಪೊಲೀಸಿನವರು ಬಂದು ರಿಜಿಸ್ಟರು ತಿರುವಿದರು.
ದುಂಡನೆಯ ಅಕ್ಷರದ ಮೇಲೆ ಬೆರಳು ನಿಂತಿತು.
ಏನಯ್ಯಾ ಹುಚ್ಚರಾಯ, ಇಲ್ಲೆಲ್ಲಿದೆಯೋ ಸಮುದ್ರ?

ಬೆಳಗ್ಗೆ ಐದೂಕಾಲಿಗೆ ಬನ್ನಿ ಸಾರ್, ಎಂದೆ.
ಸ್ವಲ್ಪ ಹೊತ್ತು ಇರುತ್ತೆ.